ವೇದಿಕೆಯಲ್ಲಿ ಓಟಗಾರನಿಗೂ ಸ್ಥಾನವಿರಲಿ

ಅಮೆರಿಕದಲ್ಲಿ ಕಾಲೇಜು ಫುಟ್‌ಬಾಲ್ ಋತುವಿಗೆ ಮುನ್ನ, ಪ್ರತಿ ಜುಲೈಯಲ್ಲಿ, ತರಬೇತುದಾರರ ಜೊತೆಗೆ ಆಟಗಾರರೂ ಪತ್ರಕರ್ತರನ್ನು ಎದುರಿಸುತ್ತಾರೆ. ಅಲ್ಲೀಗ ಮುಖ್ಯ ಚರ್ಚೆ ಹಣದ್ದು. 2025ರ ಜೂನ್‌ನಲ್ಲಿ ನ್ಯಾಯಾಲಯ ಅಂಗೀಕರಿಸಿದ ಒಪ್ಪಂದದಂತೆ ವಿಶ್ವವಿದ್ಯಾಲಯಗಳೇ ಆಟಗಾರರಿಗೆ ನೇರವಾಗಿ ಹಣ ನೀಡಬಹುದು. ಮೊದಲ ವರ್ಷ ಒಂದೊಂದು ವಿಶ್ವವಿದ್ಯಾಲಯಕ್ಕೆ ಸುಮಾರು 2.05 ಕೋಟಿ ಡಾಲರ್ ಮಿತಿ.

ಕರಾವಳಿಯಲ್ಲೂ ಅಂತರಕಾಲೇಜು ಕ್ರೀಡಾಕೂಟಕ್ಕೆ ಮುನ್ನ ಪತ್ರಿಕಾಗೋಷ್ಠಿ ನಡೆಯುತ್ತದೆ. ಆದರೆ ನಾನು ಓದುವ ವರದಿಗಳಲ್ಲಿ ಉದ್ಘಾಟಕರ, ಅತಿಥಿಗಳ ಹೆಸರುಗಳೇ ತುಂಬಿರುತ್ತವೆ. ಓಡುವವರ ಮಾತು ಅಪರೂಪ. ಅವರನ್ನು ಕೇಳಿದರೆ ಹಾಜರಾತಿ, ಪರೀಕ್ಷೆ, ಗಾಯದ ಚಿಕಿತ್ಸೆ, ಪದವಿಯ ನಂತರದ ಉದ್ಯೋಗ ಇವೆಲ್ಲ ಚರ್ಚೆಗೆ ಬಂದಾವು.

ಪ್ರತಿಭೆಗೆ ಇಲ್ಲಿ ಬರವಿಲ್ಲ. 2020ರ ಜನವರಿಯಲ್ಲಿ ಮೂಡುಬಿದಿರೆಯಲ್ಲಿ ನಡೆದ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ಸ್‌ನಲ್ಲಿ ಮಂಗಳೂರು ವಿಶ್ವವಿದ್ಯಾಲಯವೇ ಸಮಗ್ರ ಪ್ರಶಸ್ತಿ ಗೆದ್ದಿತು. ಅದರ ಹಿಂದೆ ಕ್ರೀಡಾಪಟುಗಳನ್ನು ದತ್ತು ಪಡೆದು ಉಚಿತ ಶಿಕ್ಷಣ, ಊಟ, ವಸತಿ ನೀಡುವ ಆಳ್ವಾಸ್ ಸಂಸ್ಥೆಯ ಶ್ರಮವಿತ್ತು. ಒಂದೆರಡು ಸಂಸ್ಥೆಗಳ ಔದಾರ್ಯವನ್ನೇ ನಂಬಿ ಎಷ್ಟು ಕಾಲ ನಡೆಯಬಹುದು? ಸಣ್ಣ ಊರಿನ ಸರಕಾರಿ ಕಾಲೇಜಿನ ಓಟಗಾರ್ತಿಯ ಗತಿಯೇನು?

ಕಟಪಾಡಿ ಬೀಡಿನ ಮೂಡು-ಪಡು ಜೋಡುಕರೆ ಕಂಬಳವನ್ನು ಬಲ್ಲ ನಮಗೆ ಇದನ್ನು ಹೊಸದಾಗಿ ಕಲಿಸಬೇಕಿಲ್ಲ. ಕರೆಗಿಳಿಯುವ ಕೋಣಕ್ಕೆ ಯಜಮಾನ ವರ್ಷವಿಡೀ ಹುರುಳಿ ತಿನ್ನಿಸುತ್ತಾನೆ, ಎಣ್ಣೆ ಹಚ್ಚಿ ತಿಕ್ಕುತ್ತಾನೆ, ಈಜಾಡಿಸುತ್ತಾನೆ. ಕಾಲೇಜು ಕ್ರೀಡಾಪಟುವಿನ ನೆನಪು ಮಾತ್ರ ಕೂಟ ಸಮೀಪಿಸಿದಾಗಲೇ ಬರುತ್ತದೆ.

ನಮ್ಮ ವಿದ್ಯಾರ್ಥಿಗಳು ಡಾಲರ್ ಕೇಳುತ್ತಿಲ್ಲ. ಪೌಷ್ಟಿಕ ಆಹಾರ, ವಿಮೆ, ಮರುಪರೀಕ್ಷೆಯ ಹಕ್ಕು ಇವಿಷ್ಟನ್ನು ವಿಶ್ವವಿದ್ಯಾಲಯ ಪ್ರತಿ ಕಾಲೇಜಿಗೂ ಕಡ್ಡಾಯಗೊಳಿಸಲಿ. ಮುಂದಿನ ಪತ್ರಿಕಾಗೋಷ್ಠಿಯಲ್ಲಿ ಈ ಬಗ್ಗೆ ಮೊದಲು ಮಾತನಾಡುವ ಅವಕಾಶ ಕ್ರೀಡಾಪಟುಗಳಿಗೇ ಸಿಗಲಿ.