ಹಳ್ಳಿ ಆಸ್ಪತ್ರೆಗೆ ಸೋಲಾರ್ ಬಂತು: ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ?

ನೀವು ಮುಂಬೈಯಲ್ಲೋ ಹೈದರಾಬಾದಿನಲ್ಲೋ ಇದ್ದು, ವಯಸ್ಸಾದ ತಂದೆ-ತಾಯಿ ಊರಿನಲ್ಲಿದ್ದರೆ, ‘ನಮ್ಮ ಆರೋಗ್ಯ ಕೇಂದ್ರಕ್ಕೂ ಸೋಲಾರ್ ಹಾಕಿದರು’ ಎಂಬ ಸುದ್ದಿ ಸಮಾಧಾನ ಕೊಡುತ್ತದೆ. ಆದರೆ ಸೂರ್ಯ ಮುಳುಗಿದ ಮೇಲೆ ಕೆಲಸ ಮಾಡುವುದು ಫಲಕವಲ್ಲ, ಬ್ಯಾಟರಿ.

ಏನು ನಡೆಯುತ್ತಿದೆ?

ಛತ್ತೀಸಗಢದಲ್ಲಿ 2012ರಿಂದ 2016ರ ನಡುವೆ 570 ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ತಲಾ 2 ಕಿಲೋವ್ಯಾಟ್ ಸೌರ ವ್ಯವಸ್ಥೆ ಅಳವಡಿಸಲಾಯಿತು. ಸೋಲಾರ್ ಇಲ್ಲದ, ಕರೆಂಟ್ ಕೊರತೆಯಿರುವ ಕೇಂದ್ರಗಳಿಗಿಂತ ಇಲ್ಲಿ ತಿಂಗಳಿಗೆ ಸುಮಾರು ಎರಡು ಪಟ್ಟು ಹೆರಿಗೆಗಳಾಗುತ್ತಿವೆ ಎಂದು 2017ರ ಅಧ್ಯಯನ ಹೇಳಿತು. ಸಿಬ್ಬಂದಿ, ರಸ್ತೆಗಳೂ ಲೆಕ್ಕಕ್ಕೆ ಬರುವುದರಿಂದ ಇದೆಲ್ಲ ಸೋಲಾರ್ ಒಂದರಿಂದಲೇ ಆಯಿತು ಎನ್ನಲಾಗದು. ಆದರೂ ಹೆರಿಗೆ ನೋವು ಹಗಲು ನೋಡಿಕೊಂಡು ಬರುವುದಿಲ್ಲ. ಈಗ ಬೆಂಗಳೂರಿನ ಸೆಲ್ಕೋ ಫೌಂಡೇಶನ್ ಸೇರಿದಂತೆ ಹಲವರು ಬೇರೆ ರಾಜ್ಯಗಳಲ್ಲೂ ಆರೋಗ್ಯ ಕೇಂದ್ರಗಳಿಗೆ ಸೌರ ವಿದ್ಯುತ್ ಒದಗಿಸುತ್ತಿದ್ದಾರೆ.

ಲೆಕ್ಕ ಹೀಗಿದೆ

12 ವೋಲ್ಟ್, 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 1,800 ವ್ಯಾಟ್-ಅವರ್ ಶಕ್ತಿ ಇರುತ್ತದೆ. ಸೀಸ-ಆಮ್ಲದ ಬ್ಯಾಟರಿ ಬೇಗ ಹಾಳಾಗಬಾರದೆಂದರೆ ಅದರಲ್ಲಿ ಅರ್ಧದಷ್ಟನ್ನೇ ಬಳಸಬೇಕು. 5 ಲೀಟರಿನ ಆಕ್ಸಿಜನ್ ಕಾನ್ಸಂಟ್ರೇಟರ್ ಸುಮಾರು 350 ವ್ಯಾಟ್ ಎಳೆಯುತ್ತದೆ. ಇನ್ವರ್ಟರಿನ ನಷ್ಟ ಕಳೆದರೆ ಅದು ಓಡುವುದು ಎರಡು ಗಂಟೆಗಿಂತ ಸ್ವಲ್ಪ ಹೆಚ್ಚು. ಅದೇ ಅಳತೆಯ ಲಿಥಿಯಂ ಬ್ಯಾಟರಿಯ ಶೇ. 80ರಷ್ಟನ್ನು ಬಳಸಬಹುದಾದ್ದರಿಂದ ಮೂರೂವರೆ ಗಂಟೆ ಸಿಗಬಹುದು. ಆದರೆ 9 ವ್ಯಾಟಿನ ಎಲ್ಇಡಿ ಬಲ್ಬು ಅದೇ ಸೀಸ-ಆಮ್ಲದ ಬ್ಯಾಟರಿಯಲ್ಲಿ ಮೂರು ದಿನ ಉರಿಯುತ್ತದೆ. ಹಾಗಾಗಿ ದೀಪ ಉರಿಯುತ್ತಿದೆ ಎಂದ ಮಾತ್ರಕ್ಕೆ ಆಕ್ಸಿಜನ್ ಯಂತ್ರವೂ ಓಡುತ್ತದೆ ಎಂದುಕೊಳ್ಳಬೇಡಿ.

ಐದು ವರ್ಷದ ನಂತರ?

ಫಲಕ ಇಪ್ಪತ್ತು ವರ್ಷಕ್ಕೂ ಹೆಚ್ಚು ಬಾಳುತ್ತದೆ. ಸೀಸ-ಆಮ್ಲದ ಬ್ಯಾಟರಿ ಸಾಮಾನ್ಯವಾಗಿ ಮೂರರಿಂದ ಐದು ವರ್ಷ. ಬಿಸಿಲಿಗೆ ಕಾಯುವ ಕೋಣೆಯಲ್ಲಿಟ್ಟರೆ, ಡಿಸ್ಟಿಲ್ಡ್ ವಾಟರ್ ಹಾಕದಿದ್ದರೆ ಇನ್ನೂ ಕಡಿಮೆ. ಹಳೆಯ ಸೌರ ಲಸಿಕಾ ಫ್ರಿಜ್‌ಗಳು ಸೋತದ್ದು ಹೆಚ್ಚಾಗಿ ಬ್ಯಾಟರಿಯಿಂದಲೇ. ಅದಕ್ಕಾಗಿ ಈಗ ಬ್ಯಾಟರಿಯ ಬದಲು ಹಗಲಿನಲ್ಲಿ ಮಂಜುಗಡ್ಡೆ ಕಟ್ಟಿ, ರಾತ್ರಿ ಅದರ ತಂಪಿನಲ್ಲೇ ಲಸಿಕೆಯನ್ನು 2ರಿಂದ 8 ಡಿಗ್ರಿಯಲ್ಲಿಡುವ ಫ್ರಿಜ್‌ಗಳು ಬಂದಿವೆ. ಆಕ್ಸಿಜನ್ ಯಂತ್ರಕ್ಕೆ, ಹೆರಿಗೆ ಕೋಣೆಗೆ ಇಂಥ ಅಡ್ಡದಾರಿಯಿಲ್ಲ. ಹೊಸ ಬ್ಯಾಟರಿಯ ಹಣವನ್ನು ಮೊದಲೇ ತೆಗೆದಿಡದಿದ್ದರೆ ಮಾಳಿಗೆಯ ಮೇಲಿನ ಫಲಕ ಬರೀ ನೋಟಕ್ಕೆ.

ನೀವು ಮಾಡಬಹುದಾದದ್ದು

• ಊರಿಗೆ ಹೋದಾಗ ಆರೋಗ್ಯ ಕೇಂದ್ರದಲ್ಲಿ ಕೇಳಿ: ರಾತ್ರಿ ಯಾವ ಯಂತ್ರಗಳು ಓಡುತ್ತವೆ, ಎಷ್ಟು ಹೊತ್ತು? ಬ್ಯಾಟರಿ ಹಾಕಿದ್ದು ಯಾವಾಗ? ಬದಲಿಸುವ ಹಣ ಯಾರದು? ಕರ್ನಾಟಕದಲ್ಲಾದರೆ ಈ ಪ್ರಶ್ನೆಯನ್ನು ಆರೋಗ್ಯ ರಕ್ಷಾ ಸಮಿತಿಯ ಮುಂದಿಡಬಹುದು.

• ಮನೆಯಲ್ಲಿ ಕಾನ್ಸಂಟ್ರೇಟರ್ ಇದ್ದರೆ, ಕರೆಂಟ್ ಬೇಡದ ಸಿಲಿಂಡರ್ ಒಂದು ತುಂಬಿರಲಿ. ಬ್ಯಾಟರಿ ಉಳಿಸಲೆಂದು ವೈದ್ಯರನ್ನು ಕೇಳದೆ ಆಕ್ಸಿಜನ್ ಹರಿವನ್ನು ತಗ್ಗಿಸಬೇಡಿ.

• ಬಳಕೆಯಲ್ಲಿರುವ ಇನ್ಸುಲಿನ್ ಸಾಮಾನ್ಯವಾಗಿ 30 ಡಿಗ್ರಿಯೊಳಗೆ ಸುಮಾರು ನಾಲ್ಕು ವಾರ ಇರುತ್ತದೆ. ನಿಮ್ಮ ಔಷಧಿಯ ಚೀಟಿಯನ್ನೊಮ್ಮೆ ನೋಡಿ. ತೆರೆಯದ ಬಾಟಲಿಗಳನ್ನು, ಫ್ರಿಜ್ ನಿಂತಾಗ, ನೀರು ತಾಗದಂತೆ ಸುತ್ತಿ ಒದ್ದೆ ಮಣ್ಣಿನ ಮಡಕೆಯ ತಂಪಿನಲ್ಲಿಡಿ. ಮಂಜುಗಡ್ಡೆಯ ಮೇಲೆ ಇಡಬೇಡಿ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಮತ್ತೆ ಬಳಕೆಗೆ ಬರುವುದಿಲ್ಲ.