ಬಣ್ಣ ಸರ್ಕಾರದ್ದು, ಬಸ್ ಯಾರದ್ದು?

ಬೇರೆ ಊರಿಗೆ ಹೋದಾಗ ನಾನು ಮೊದಲು ತೆಗೆಯುವುದು ಬಸ್ಸುಗಳ ಫೋಟೊ. ಕೋಟೆ, ಕಡಲು, ಊಟದ ತಟ್ಟೆ ಎಲ್ಲ ಆಮೇಲೆ. ಸಿಟಿ ಬಸ್ಸು, ಅಕ್ಕಪಕ್ಕದ ಊರುಗಳಿಂದ ಬರುವ ಬಸ್ಸು, ಅದರ ಬೋರ್ಡು, ನಂಬರ್ ಪ್ಲೇಟು, ಹಿಂದಿನ ಗಾಜಿನ ಮೇಲಿನ ಬರಹ, ಎಲ್ಲವೂ ಬೇಕು. ಎಂಜಿನಿಯರಿಂಗ್ ಓದಿ ಕೆಲಸ ಬಿಟ್ಟವನ ಚಟ ಅಂತ ಗೆಳೆಯರು ನಗುತ್ತಾರೆ. ನಗಲಿ. ಆದರೆ ಕಳೆದ ಆರೇಳು ವರ್ಷಗಳಲ್ಲಿ ಈ ಫೋಟೊಗಳೊಳಗೆ ಒಂದು ರಾಜಕೀಯ ಸುದ್ದಿ ಸೇರಿಕೊಂಡಿದೆ. ಅದನ್ನು ಓದುವುದಕ್ಕೆ ಮುಂಬೈಗಿಂತ ಒಳ್ಳೆಯ ಊರು ಇನ್ನೊಂದಿಲ್ಲ.

ಮುಂಬೈಯ ಉತ್ತರ ತುದಿಯಲ್ಲಿ, ಬೊರಿವಲಿ ಪೂರ್ವದ ಹೆದ್ದಾರಿ ಬದಿಯಲ್ಲಿ ಒಂದಷ್ಟು ಹೊತ್ತು ನಿಂತರೆ ಸಾಕು. ಬೆಸ್ಟ್‌ನ ಕೆಂಪು ಬಸ್ಸು, ಠಾಣೆ ಪಾಲಿಕೆಯ ಬಸ್ಸು, ನವಿ ಮುಂಬೈ ಪಾಲಿಕೆಯ ಬಸ್ಸು, ನಡುನಡುವೆ ರಾಜ್ಯ ಸಾರಿಗೆಯ ‘ಎಸ್‌ಟಿ’. ಮೀರಾ-ಭಾಯಂದರ್, ವಸಯಿ-ವಿರಾರ್, ಕಲ್ಯಾಣ್-ಡೊಂಬಿವಲಿ ಪಾಲಿಕೆಗಳದ್ದೂ ತಮ್ಮ ತಮ್ಮ ಬಸ್ ಸೇವೆ. ಅತ್ತಿಬೆಲೆಯಿಂದ ದೇವನಹಳ್ಳಿವರೆಗೂ ಒಂದೇ ಬಿಎಂಟಿಸಿ ನೋಡಿ ಅಭ್ಯಾಸವಾದ ನಮಗೆ ತಲೆ ತಿರುಗುತ್ತೆ. ಬೆಸ್ಟ್ ಬಸ್ಸಿನ ಮುಂಭಾಗದಲ್ಲಿ ರೂಟ್ ನಂಬರ್ ಇರುವುದು ದೇವನಾಗರಿ ಅಂಕಿಯಲ್ಲಿ. ಕನ್ನಡ ಅಂಕಿ ಬಳಸಿ ಅಂತ ನಾವು ನವೆಂಬರ್‌ನಲ್ಲಿ ಪೋಸ್ಟ್ ಹಾಕುತ್ತೇವೆ, ಅಲ್ಲಿ ತಲೆಮಾರುಗಳಿಂದ ಅದೇ ರೂಢಿ. ಇದು ಬೇರೆ ಲೇಖನದ ವಿಷಯ, ಬಿಡಿ.

ಊರಿನವರು ನಂಬರ್ ನೋಡುತ್ತಾರೆ, ಹತ್ತುತ್ತಾರೆ, ಹೋಗುತ್ತಾರೆ. ಹೊರಗಿನವನಿಗೆ ಯಾವುದೂ ಗೊತ್ತಿಲ್ಲದ್ದರಿಂದ ಎಲ್ಲವನ್ನೂ ನೋಡಬೇಕಾಗುತ್ತೆ. ಹಾಗೆ ನೋಡಿದಾಗ ಕಣ್ಣಿಗೆ ಬೀಳುವುದು ಇಷ್ಟು: ಬಣ್ಣ ಒಂದೇ, ಕೆಂಪು. ಲಾಂಛನ ಒಂದೇ. ಆದರೆ ಬಸ್ಸಿನ ಮೂತಿಯ ಮೇಲೆ ಒಂದರಲ್ಲಿ ಒಲೆಕ್ಟ್ರಾ, ಇನ್ನೊಂದರಲ್ಲಿ ಟಾಟಾ, ಮತ್ತೊಂದರಲ್ಲಿ ಸ್ವಿಚ್. ಹಳೆ ಕಾಲದಲ್ಲೂ ಬಸ್ಸಿನ ಮೇಲೆ ಲೇಲ್ಯಾಂಡ್ ಅಂತ ಇರುತ್ತಿತ್ತು ನಿಜ. ಆಗ ಅದರರ್ಥ ಬಸ್ ತಯಾರಿಸಿದ್ದು ಯಾರು ಅಂತ ಮಾತ್ರ. ಈಗ ಬಹಳಷ್ಟು ಕಡೆ ತಯಾರಿಸಿದ ಕಂಪನಿಯೋ ಅದರ ಅಂಗಸಂಸ್ಥೆಯೋ ಬಸ್ಸಿನ ಮಾಲೀಕ ಕೂಡ. ಚಾಲಕನಿಗೆ ಸಂಬಳ ಕೊಡುವುದೂ ಆ ಕಡೆಯವರೇ. ಪಾಲಿಕೆಯದ್ದು ಬಣ್ಣ, ರೂಟು, ಟಿಕೆಟ್ಟು.

ಇದಕ್ಕೆ ಅಲ್ಲಿ ‘ವೆಟ್ ಲೀಸ್’ ಅಂತಾರೆ. ನಮ್ಮ ಕಡತಗಳಲ್ಲಿ ‘ಜಿಸಿಸಿ’. ಲೆಕ್ಕ ಸರಳ: ಖಾಸಗಿಯವರು ಬಸ್ ಕೊಳ್ಳಬೇಕು, ರಿಪೇರಿ ನೋಡಿಕೊಳ್ಳಬೇಕು, ಚಾಲಕನನ್ನು ಕೊಡಬೇಕು. ಸಾರಿಗೆ ಸಂಸ್ಥೆ ಓಡಿದ ಕಿಲೋಮೀಟರಿಗೆ ಇಷ್ಟು ಅಂತ ಹಣ ಕೊಡುತ್ತೆ. ಟಿಕೆಟ್ ದುಡ್ಡು ಸಂಸ್ಥೆಗೆ. ಅಂದರೆ ಬಸ್ ತುಂಬಿದ್ದರೂ ಖಾಲಿ ಇದ್ದರೂ ಗುತ್ತಿಗೆದಾರನ ಆದಾಯ ಬದಲಾಗೋದಿಲ್ಲ. ಸ್ಟಾಪಿನಲ್ಲಿ ಕೈ ಅಡ್ಡ ಹಿಡಿದ ನಾಲ್ಕು ಜನರನ್ನು ಹತ್ತಿಸಿಕೊಂಡರೆ ಅವನಿಗೆ ಲಾಭವಿಲ್ಲ, ಬಿಟ್ಟು ಹೋದರೆ ನಷ್ಟವಿಲ್ಲ. ಆ ಹೊಣೆ ಹೊರಬೇಕಾದ್ದು ಒಪ್ಪಂದದಲ್ಲಿರುವ ದಂಡದ ಕಲಮು, ಮತ್ತು ಅದನ್ನು ಜಾರಿ ಮಾಡುವ ಅಧಿಕಾರಿ.

ಮುಂಬೈಯ ಇತಿಹಾಸದಲ್ಲಿ ಒಂದು ತಮಾಷೆ ಇದೆ. ಅಲ್ಲಿನ ಮೊದಲ ಬಸ್ ಓಡಿದ್ದು 1926ರ ಜುಲೈ 15ರಂದು, ಅಫ್ಘಾನ್ ಚರ್ಚಿನಿಂದ ಕ್ರಾಫರ್ಡ್ ಮಾರ್ಕೆಟ್‌ಗೆ. ಓಡಿಸಿದ್ದು ಟ್ರಾಮ್ ಮತ್ತು ವಿದ್ಯುತ್ ನಡೆಸುತ್ತಿದ್ದ ಖಾಸಗಿ ಕಂಪನಿ. ಸ್ವಾತಂತ್ರ್ಯಕ್ಕೆ ಒಂದು ವಾರ ಮೊದಲು, 1947ರ ಆಗಸ್ಟ್ 7ರಂದು, ಅದು ನಗರಪಾಲಿಕೆಯ ಕೈಗೆ ಬಂತು. ಎಪ್ಪತ್ತು ವರ್ಷ ಊರಿನ ಆಸ್ತಿಯಾಗಿತ್ತು. ಬೆಸ್ಟ್‌ನ ಬಲ ಇದ್ದದ್ದು ಅದರ ಹೆಸರಲ್ಲೇ ಇರುವ ವಿದ್ಯುತ್ತಿನಲ್ಲಿ. ಕರೆಂಟು ಮಾರಿ ಬಂದ ಹಣದಿಂದ ಬಸ್ಸಿನ ನಷ್ಟ ತುಂಬುತ್ತಿತ್ತು. ಆ ದಾರಿ ಮುಚ್ಚಿದ ಮೇಲೆ ಬಸ್ಸು ಪಾಲಿಕೆಯ ಬಾಗಿಲಲ್ಲಿ ಕೈಚಾಚಿ ನಿಲ್ಲಬೇಕಾಯಿತು. 2019ರಲ್ಲಿ ಕನಿಷ್ಠ ದರವನ್ನು 8 ರೂಪಾಯಿಯಿಂದ 5ಕ್ಕೆ ಇಳಿಸಿದರು, ಜನ ಖುಷಿಪಟ್ಟರು. ಅದೇ ಹೊತ್ತಿಗೆ ವೆಟ್ ಲೀಸ್ ಬಸ್ಸುಗಳೂ ಬಂದವು. ಹಳೆಯ ಸ್ವಂತ ಬಸ್ಸುಗಳು ಗುಜರಿಗೆ ಹೋಗುತ್ತಾ ಬಂದವು, ಅವುಗಳ ಜಾಗಕ್ಕೆ ಸ್ವಂತ ಬಸ್ ಬರಲಿಲ್ಲ. ಒಂದು ಕಾಲಕ್ಕೆ ನಾಲ್ಕು ಸಾವಿರಕ್ಕೂ ಹೆಚ್ಚು ಬಸ್ಸು ಇಟ್ಟುಕೊಂಡಿದ್ದ ಸಂಸ್ಥೆಯಲ್ಲಿ ಇವತ್ತು ಸ್ವಂತ ಬಸ್ಸುಗಳೇ ಅಲ್ಪಸಂಖ್ಯಾತ. 2025ರ ಮೇ ತಿಂಗಳಲ್ಲಿ ಕನಿಷ್ಠ ದರ 10 ರೂಪಾಯಿಗೆ ಏರಿತು, ಎಸಿ ಬಸ್ಸಿಗೆ 12. ಅಗ್ಗದ ಟಿಕೆಟ್ಟು ಹೋಯ್ತು, ಬಸ್ಸೂ ಹೋಯ್ತು.

ಡಬಲ್ ಡೆಕರ್ ಕಥೆಯನ್ನೇ ನೋಡಿ. 1937ರಲ್ಲಿ ಬಂದ ಈ ಬಸ್ಸು ಮುಂಬೈಯ ಅರ್ಧ ಗುರುತು. ಡೀಸೆಲ್‌ನ ಕೊನೆಯ ಡಬಲ್ ಡೆಕರ್ 2023ರ ಸೆಪ್ಟೆಂಬರ್ 15ರಂದು ಅಂಧೇರಿಯ 415ನೇ ರೂಟಿನಲ್ಲಿ ಓಡಿ ನಿಂತಿತು. ಅವತ್ತು ಬಸ್ ಪ್ರಿಯರು ಹೂವಿನ ಹಾರ ಹಾಕಿ ಬೀಳ್ಕೊಟ್ಟರು. ಕ್ಯಾಮೆರಾ ಹಿಡಿದವರ ಜಾತ್ರೆ, ಪತ್ರಿಕೆಗಳ ತುಂಬ ನೆನಪುಗಳ ಲೇಖನ. ಅದೇ ವರ್ಷ ಎಲೆಕ್ಟ್ರಿಕ್ ಎಸಿ ಡಬಲ್ ಡೆಕರ್ ಬಂತು, ಅದೂ ಗುತ್ತಿಗೆಯದ್ದೇ. 200 ಬರುತ್ತೆ ಅಂದಿದ್ದರು, ಬಂದದ್ದು ಐವತ್ತರ ಆಸುಪಾಸು. ಹಳೆ ಬಸ್ಸಿಗೆ ಹಾರ ಹಾಕಿದ ಫೋಟೊ ಸಾವಿರಾರು ಇವೆ. ಬಾರದ ನೂರೈವತ್ತು ಬಸ್ಸಿನ ಫೋಟೊ ತೆಗೆಯೋದು ಹೇಗೆ? ನಮ್ಮಂಥ ಬಸ್ ಹುಚ್ಚರ ದೌರ್ಬಲ್ಯ ಇದು. ಹಳೆಯದರ ಮೇಲೆ ಪ್ರೀತಿ ಜಾಸ್ತಿ, ಖಾಲಿ ಬಿದ್ದ ಸ್ಟಾಪಿನ ಮೇಲೆ ಕಣ್ಣು ಕಡಿಮೆ.

ಗುತ್ತಿಗೆಯ ಬಸ್ಸು ಬಂದಷ್ಟೇ ಬೇಗ ಹೋಗಲೂಬಹುದು, ಮುಂಬೈ ಅದನ್ನೂ ನೋಡಿದೆ. 2022ರಿಂದ ಈಚೆಗೆ ಒಬ್ಬರಿಗಿಂತ ಹೆಚ್ಚು ಗುತ್ತಿಗೆದಾರರು ‘ನಮಗೆ ಗಿಟ್ಟುತ್ತಿಲ್ಲ’ ಅಂತ ನೂರಾರು ಬಸ್ಸುಗಳನ್ನು ವಾಪಸ್ ಕರೆಸಿಕೊಂಡರು. 2023ರ ಆಗಸ್ಟ್‌ನಲ್ಲಿ ವೆಟ್ ಲೀಸ್ ಚಾಲಕರು ಕೆಲಸ ನಿಲ್ಲಿಸಿದರು. ಒಂದೇ ಕೆಲಸಕ್ಕೆ ಒಂದೇ ಸಂಬಳ ಕೊಡಿ ಅನ್ನುವುದು ಅವರ ಬೇಡಿಕೆ. ರಸ್ತೆ ತುಂಬಿಸಲು ಎಸ್‌ಟಿ ಬಸ್ಸುಗಳನ್ನು ತರಿಸಬೇಕಾಯಿತು.

ಆಮೇಲೆ ಕುರ್ಲಾ. 2024ರ ಡಿಸೆಂಬರ್ 9ರ ರಾತ್ರಿ ಜನ ತುಂಬಿದ ರಸ್ತೆಯಲ್ಲಿ 332ನೇ ನಂಬರಿನ ಎಲೆಕ್ಟ್ರಿಕ್ ಬಸ್ಸು ಹಿಡಿತ ತಪ್ಪಿ ನುಗ್ಗಿತು. ಒಂಬತ್ತು ಜನ ಸತ್ತರು, ಹತ್ತಾರು ಮಂದಿಗೆ ಗಾಯ. ಅದು ವೆಟ್ ಲೀಸ್ ಬಸ್ಸು. ತನಿಖೆಯಲ್ಲಿ ಮೇಲೆ ಬಂದ ಮುಖ್ಯ ಪ್ರಶ್ನೆ ತರಬೇತಿಯದ್ದು: ಸಣ್ಣ ಬಸ್ಸು ಓಡಿಸುತ್ತಿದ್ದ ಚಾಲಕನನ್ನು ಕೆಲವೇ ದಿನಗಳ ತರಬೇತಿಯ ನಂತರ ಹನ್ನೆರಡು ಮೀಟರಿನ ಎಲೆಕ್ಟ್ರಿಕ್ ಬಸ್ಸಿಗೆ ಕೂರಿಸಲಾಗಿತ್ತು ಅನ್ನುವುದು. ಇಲ್ಲಿ ಸ್ವಲ್ಪ ಎಂಜಿನಿಯರಿಂಗ್ ಮಾತಾಡಲೇಬೇಕು. ಡೀಸೆಲ್ ಎಂಜಿನ್ನಿಗೆ ಬಲ ಬರಲು ವೇಗ ಏರಬೇಕು, ಗೇರು, ಕ್ಲಚ್ಚು ದಾಟಬೇಕು. ಎಲೆಕ್ಟ್ರಿಕ್ ಮೋಟಾರ್ ನಿಂತಲ್ಲಿಂದಲೇ ತನ್ನ ಪೂರ್ತಿ ತಿರುಚುಬಲ ಕೊಡಬಲ್ಲದು. ಕ್ಲಚ್ ಇಲ್ಲ, ಸದ್ದೂ ಇಲ್ಲ. ವರ್ಷಗಟ್ಟಲೆ ಎಡಗಾಲಿನಲ್ಲಿ ಕ್ಲಚ್ ತುಳಿದು, ಎಂಜಿನ್ ಸದ್ದು ಕೇಳಿ ವೇಗ ಅಂದಾಜು ಮಾಡಿದವನಿಗೆ ಇದು ಹೊಸ ವಾಹನ ಅಲ್ಲ, ಹೊಸ ವೃತ್ತಿ. ಆ ಕಲಿಕೆಗೆ ಎಷ್ಟು ದಿನ ಬೇಕು, ಆ ದಿನಗಳ ಸಂಬಳ ಯಾರು ಕೊಡಬೇಕು, ಕಲಿತ ಮೇಲೆ ಸರ್ಟಿಫಿಕೇಟಿಗೆ ಸಹಿ ಹಾಕಬೇಕಾದವರು ಪಾಲಿಕೆಯವರೋ ಕಂಪನಿಯವರೋ? ಬಸ್ಸಿನ ಫೋಟೊದಲ್ಲಿ ಇದ್ಯಾವುದೂ ಕಾಣಿಸೋದಿಲ್ಲ. ಅದು ಒಪ್ಪಂದದ ಅನುಬಂಧದಲ್ಲಿರುತ್ತೆ.

ಬೆಂಗಳೂರಿಗೆ ಬರೋಣ. ಮುಂಬೈ ನೋಡಿ ಬಂದ ಕಣ್ಣಿಗೆ ಮೆಜೆಸ್ಟಿಕ್ ಬೇರೆ ಥರ ಕಾಣುತ್ತೆ. ನಮ್ಮ ನಿಗಮಗಳ ಸ್ವಂತ ಬಸ್ಸುಗಳ ನಂಬರ್ ಪ್ಲೇಟಿನಲ್ಲಿ ‘ಎಫ್’ ಅಕ್ಷರ ಇರುತ್ತೆ: ಕೆಎ-01-ಎಫ್, ಕೆಎ-57-ಎಫ್, ಹೀಗೆ. ಕೆಂಪು ಬಸ್ಸಾಗಲಿ, ನೀಲಿ ಬಸ್ಸಾಗಲಿ, ಎಫ್ ಇದ್ದರೆ ಅದು ನಿಗಮದ್ದು. ಈಗ ಹಸಿರು ಪ್ಲೇಟಿನ ಮೇಲೆ ಹಳದಿ ಅಕ್ಷರವಿರುವ ಎಲೆಕ್ಟ್ರಿಕ್ ಬಸ್ಸುಗಳನ್ನು ನೋಡಿ. ಬಿಎಂಟಿಸಿ ಅಂತ ದೊಡ್ಡದಾಗಿ ಬರೆದಿರುತ್ತೆ, ಗುತ್ತಿಗೆಯ ಬಸ್ಸಿನಲ್ಲಿ ಎಫ್ ಇರೋದಿಲ್ಲ. ಕಂಡಕ್ಟರ್ ಬಿಎಂಟಿಸಿಯವರು, ಚಾಲಕ ಕಂಪನಿಯವರು. ಒಂದೇ ಬಸ್ಸಿನಲ್ಲಿ ಇಬ್ಬರು ಕೆಲಸಗಾರರು, ಇಬ್ಬರು ಮಾಲೀಕರು, ಎರಡು ಥರದ ಸಂಬಳ. 2024ರಲ್ಲಿ ನಮ್ಮ ಇ-ಬಸ್ ಚಾಲಕರೂ ಸಂಬಳದ ವಿಚಾರಕ್ಕೆ ಬಸ್ ನಿಲ್ಲಿಸಿದ್ದು ನೆನಪಿರಬಹುದು. ಮುಂಬೈಯ ಸಿನಿಮಾ ಒಂದು ವರ್ಷ ತಡವಾಗಿ ಇಲ್ಲಿ ಬಿಡುಗಡೆಯಾಯ್ತು ಅಷ್ಟೇ.

ಇದು ಇನ್ನೂ ಟ್ರೇಲರ್. ಕೇಂದ್ರದ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಐದು ನಗರಗಳಿಗೆ ಹಂಚಿದ 10,900 ಎಲೆಕ್ಟ್ರಿಕ್ ಬಸ್ಸುಗಳ ಪೈಕಿ ಬೆಂಗಳೂರಿನ ಪಾಲು 4,500. ದೆಹಲಿಗೂ ಇಷ್ಟಿಲ್ಲ. ಬಿಎಂಟಿಸಿಯ ಈಗಿನ ಒಟ್ಟು ಬಸ್ಸುಗಳು ಸುಮಾರು ಏಳು ಸಾವಿರ ಅಂದರೆ ಪ್ರಮಾಣ ಅರ್ಥವಾಗುತ್ತೆ. ಅವೆಲ್ಲ ಬರುವುದು ಇದೇ ಕಿಲೋಮೀಟರ್ ಲೆಕ್ಕದ ಒಪ್ಪಂದದಲ್ಲಿ. ಶಕ್ತಿ ಯೋಜನೆ ಬಗ್ಗೆ ಎರಡು ವರ್ಷ ಟಿವಿಯಲ್ಲಿ ಕಿತ್ತಾಡಿದೆವು. ಹೆಂಗಸರು ಪುಕ್ಕಟೆ ಓಡಾಡಿದರೆ ನಿಗಮ ಮುಳುಗುತ್ತೆ ಅಂತ ಲೆಕ್ಕ ಒಪ್ಪಿಸಿದವರು ಬಹಳ. ಅದೇ ನಿಗಮದ ಬಸ್ಸುಗಳ ಒಡೆತನ ಅರ್ಧಕ್ಕರ್ಧ ಬದಲಾಗುವ ವಿಷಯಕ್ಕೆ ಒಂದು ಸಂಜೆಯ ಚರ್ಚೆಯನ್ನೂ ನಾನು ಕಂಡಿಲ್ಲ.

ಫೋಟೊ ವಿಷಯಕ್ಕೆ ವಾಪಸ್ ಬರುತ್ತೇನೆ, ಯಾಕಂದರೆ ಇಲ್ಲೂ ಒಂದು ಹಕ್ಕಿನ ಪ್ರಶ್ನೆ ಇದೆ. ಒಂದು ಊರಿನ ಡಿಪೋ ಗೇಟಿನ ಹೊರಗೆ, ರಸ್ತೆ ಬದಿಯಲ್ಲಿ ನಿಂತು ಕ್ಯಾಮೆರಾ ಎತ್ತಿದಾಗ ಸೆಕ್ಯುರಿಟಿಯವರು ಬಂದು ತಡೆದರು. ‘ಪರ್ಮಿಷನ್ ಇದೆಯಾ?’ ಯಾರ ಪರ್ಮಿಷನ್ ಅಣ್ಣ ಅಂತ ಕೇಳಿದೆ. ಅವರು ಗೇಟಿನ ಕಡೆ ನೋಡಿದರು, ಬಸ್ಸಿನ ಕಡೆ ನೋಡಿದರು. ಗೇಟು ಪಾಲಿಕೆಯದ್ದು, ಬಸ್ಸು ಕಂಪನಿಯದ್ದು, ಅವರ ಯೂನಿಫಾರ್ಮ್ ಮೂರನೆಯ ಏಜೆನ್ಸಿಯದ್ದು. ಉತ್ತರ ಅವರ ಹತ್ತಿರ ಇರಲಿಲ್ಲ. ಸಾರ್ವಜನಿಕ ರಸ್ತೆಯಲ್ಲಿ ಓಡುವ ಸಿಟಿ ಬಸ್ಸಿನ ಫೋಟೊ ತೆಗೆಯುವುದು ಅಪರಾಧವಲ್ಲ. ಮಾತು ಬೆಳೆದರೆ ಎಲ್ಲರೂ ತೋರಿಸುವ ಗುಮ್ಮ 1923ರ ಅಧಿಕೃತ ರಹಸ್ಯಗಳ ಕಾಯ್ದೆ. ಆ ಕಾಯ್ದೆಯ ‘ನಿಷೇಧಿತ ಸ್ಥಳ’ದ ವ್ಯಾಖ್ಯೆಯಲ್ಲಿ ಪೊಲೀಸ್ ಠಾಣೆ ಕೂಡ ಇಲ್ಲ ಅಂತ ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2022ರಲ್ಲಿ ಹೇಳಿದೆ. ಠಾಣೆಯೇ ಅಲ್ಲ ಅಂದಮೇಲೆ ಬಸ್ ಸ್ಟಾಪ್ ಯಾವ ಲೆಕ್ಕ? ಡಿಪೋದ ಒಳಗೆ ಹೋಗಲು ಅನುಮತಿ ಬೇಕು, ಅದು ಬೇರೆ ಮಾತು.

ಹಾಗಂತ ಫೋಟೊ ಅಂದರೆ ಪುಣ್ಯಕಾರ್ಯ ಅಂತ ನಾನು ಹೇಳೋದಿಲ್ಲ. ಸ್ಟಾಪಿನಲ್ಲಿ ನಿಲ್ಲಿಸದ ಬಸ್ಸಿನ ಫೋಟೊ ತೆಗೆದು ಸಂಸ್ಥೆಯನ್ನು ಟ್ಯಾಗ್ ಮಾಡುವುದು ಈಗ ಎಲ್ಲ ಊರಲ್ಲೂ ಇದೆ. ಗಮನಿಸಿ, ನಾವು ಹಾಕುವುದು ಚಾಲಕನ ಮುಖ. ದಂಡದ ಕಲಮಿನ ಪ್ರಕಾರ ಸಂಸ್ಥೆ ಗುತ್ತಿಗೆದಾರನಿಗೆ ದಂಡ ಹಾಕಬಹುದು, ಆ ದಂಡ ಕೆಳಗೆ ಇಳಿದು ಇಳಿದು ನಿಲ್ಲುವುದು ಯಾರ ಸಂಬಳದ ಮೇಲೆ ಅಂತ ಊಹಿಸಲು ದೊಡ್ಡ ಬುದ್ಧಿ ಬೇಕಿಲ್ಲ. ಯೂನಿಯನ್ ಇಲ್ಲದ, ಕಾಯಂ ಅಲ್ಲದ ಚಾಲಕನಿಗೆ ಒಂದು ವೈರಲ್ ಫೋಟೊ ಅಂದರೆ ಕೆಲಸ ಹೋಗುವ ದಾರಿ. ಅವನಿಗೆ ಕೊಟ್ಟ ಟ್ರಿಪ್ ಸಮಯ ಆ ಟ್ರಾಫಿಕ್ಕಿನಲ್ಲಿ ಸಾಧ್ಯವೇ ಅಂತ ಯಾರೂ ಕೇಳೋದಿಲ್ಲ. ಹಾಗಾಗಿ ನನ್ನ ನಿಯಮ: ಮುಖ ಬೇಡ, ಪ್ಲೇಟು ಬೇಕು. ರೂಟು, ಸಮಯ, ಮಾಲೀಕನ ಹೆಸರು ಎಲ್ಲಾದರೂ ಇದ್ದರೆ ಅದು ಬೇಕು.

ಗುತ್ತಿಗೆ ಅಂದ ತಕ್ಷಣ ಕೆಟ್ಟದ್ದು ಅಂತ ಕೈತೊಳೆದುಕೊಳ್ಳುವುದು ಸುಲಭ. ಆದರೆ ಎಲೆಕ್ಟ್ರಿಕ್ ಬಸ್ಸಿನ ಬೆಲೆ ಡೀಸೆಲ್ ಬಸ್ಸಿನ ಎರಡರಷ್ಟಕ್ಕೂ ಮೇಲೆ, ಅಷ್ಟು ಬಂಡವಾಳ ಒಮ್ಮೆಗೇ ಹಾಕುವ ಶಕ್ತಿ ನಮ್ಮ ನಿಗಮಗಳಿಗಿಲ್ಲ. ಬಸ್ ಫೋಟೊ ಹುಚ್ಚಿನ ತವರಾದ ಲಂಡನ್ನಿನಲ್ಲಿ ಆ ಕೆಂಪು ಬಸ್ಸುಗಳನ್ನು ದಶಕಗಳಿಂದ ಓಡಿಸುತ್ತಿರುವುದು ಖಾಸಗಿ ಕಂಪನಿಗಳೇ. ವ್ಯತ್ಯಾಸ ಏನಂದರೆ, ಯಾವ ರೂಟು ಯಾವ ಕಂಪನಿಗೆ ಸಿಕ್ಕಿತು ಅನ್ನುವ ಟೆಂಡರ್ ಫಲಿತಾಂಶವನ್ನು ಅಲ್ಲಿನ ಸಾರಿಗೆ ಪ್ರಾಧಿಕಾರ ರೂಟಿನ ಲೆಕ್ಕದಲ್ಲಿ ಪ್ರಕಟಿಸುತ್ತೆ. ಬಸ್ಸಿನ ಬದಿಯಲ್ಲಿ ಕಂಪನಿಯ ಹೆಸರೂ ಇರುತ್ತೆ. ಫೋಟೊ ತೆಗೆದವನು ಮನೆಗೆ ಹೋಗಿ ಒಪ್ಪಂದವನ್ನು ಹುಡುಕಿ ತೆಗೆಯಬಹುದು.

ಬೆಂಗಳೂರಿಗೆ 4,500 ಬಸ್ಸುಗಳು ಬರುವಾಗ ಕೇಳಬೇಕಾದ್ದು ಇದೇ. ಪ್ರತಿ ಬಸ್ಸಿನ ಬದಿಯಲ್ಲಿ ಮಾಲೀಕನ ಹೆಸರನ್ನು ಕನ್ನಡದಲ್ಲಿ, ಸ್ಟಾಪಿನಿಂದ ಓದುವಷ್ಟು ದೊಡ್ಡದಾಗಿ ಬರೆಯಿರಿ. ಕಿಲೋಮೀಟರ್ ದರ, ಹಾಕಿದ ದಂಡ, ಚಾಲಕನಿಗೆ ಕೊಡಬೇಕಾದ ಕನಿಷ್ಠ ಸಂಬಳ ಮತ್ತು ತರಬೇತಿ ದಿನಗಳು, ಗುತ್ತಿಗೆದಾರ ನಡುವೆ ಬಿಟ್ಟು ಹೋದರೆ ಬಸ್ಸು ಯಾರ ಪಾಲು ಅನ್ನುವ ಷರತ್ತು, ಇವಿಷ್ಟನ್ನು ಬಿಎಂಟಿಸಿ ವೆಬ್‌ಸೈಟಿನಲ್ಲಿ ಹಾಕಿ. ಆರ್‌ಟಿಐ ಅರ್ಜಿ ಹಾಕಿ ಮೂವತ್ತು ದಿನ ಕಾಯುವಂತೆ ಮಾಡಬೇಡಿ. ಮುಂದಿನ ವಾರ ಸಾರಿಗೆ ಸಚಿವರು ಹೊಸ ಇ-ಬಸ್ಸಿಗೆ ಹಸಿರು ಬಾವುಟ ತೋರಿಸುವ ಫೋಟೊ ಬಂದರೆ, ಸಚಿವರ ನಗು ಬಿಟ್ಟು ಸ್ವಲ್ಪ ಕೆಳಗೆ, ಬಂಪರಿನ ಹತ್ತಿರ ಜೂಮ್ ಮಾಡಿ ನೋಡಿ. ಎಫ್ ಇದೆಯಾ?