ಮಗುವಿನ ಉಸಿರು ಬಟವಾಡೆಗೆ ಕಾಯುವುದಿಲ್ಲ



ರಾಗಿ ಬೆಲೆ, ಹಾಲಿನ ದರ, ಗೂಡಿನ ಹರಾಜು, ಸೊಸೈಟಿ ಸಾಲ. ಈ ಪುಟದಲ್ಲಿ ಸದಾ ಇದೇ ಮಾತು. ಈ ತಿಂಗಳು ಮಗುವಿನ ಉಸಿರಿನ ಮಾತು. ಇದೇನಪ್ಪ, ಪತ್ರಿಕೆ ಆಸ್ಪತ್ರೆ ದಾರಿ ಹಿಡೀತು ಅನ್ನಬೇಡಿ. ಸಾಲಕ್ಕೂ ಇದಕ್ಕೂ ನಂಟಿದೆ. ಕಡೆಯವರೆಗೆ ಓದಿ.

ಸಾಸಲು ಕಡೆ ರೇಷ್ಮೆ ಸಾಕಿದವರಿಗೆ ಗೊತ್ತು. ಹುಳು ನಾಲ್ಕನೇ ಜ್ವರದಿಂದ ಎದ್ದ ಮೇಲೆ ಮನೆಯಲ್ಲಿ ಯಾರಿಗೂ ಪೂರಾ ನಿದ್ದೆಯಿಲ್ಲ. ಸೊಪ್ಪು ಹೊತ್ತಿಗೆ ಸರಿಯಾಗಿ ಬೀಳಬೇಕು, ಗಾಳಿಯಾಡಬೇಕು, ಬಿಸಿ ಹದ ತಪ್ಪಬಾರದು. ಹುಳು ಸೊಪ್ಪು ಬಿಟ್ಟರೆ ಆಗಲೇ ಎತ್ತಿ ನೋಡುತ್ತೇವೆ. ನಾಳೆ ನೋಡೋಣ ಅನ್ನುವುದಿಲ್ಲ. ಅದೇ ಮನೆಯ ಕೂಸು ಹಾಲು ಬಿಟ್ಟು ಏದುಸಿರು ಬಿಡುತ್ತಿದ್ದರೆ? "ಶೀತ ಆಗಿದೆ ಅಷ್ಟೆ. ಡೈರಿ ಬಟವಾಡೆ ಆಗ್ಲಿ, ದೊಡ್ಡಬಳ್ಳಾಪುರಕ್ಕೆ ಹೋಗಿಬರೋಣ."

ಕೆಲಸ ಕೆಡುವುದು ಆ ಎರಡು ದಿನದಲ್ಲೇ.

ನ್ಯುಮೋನಿಯಾ ಅಂದರೆ ಶ್ವಾಸಕೋಶದ ಪುಟ್ಟ ಗಾಳಿಚೀಲಗಳಲ್ಲಿ ಕೀವು, ನೀರು ತುಂಬಿ ಉಸಿರಿಗೆ ಜಾಗವಿಲ್ಲದಂತಾಗುವುದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2019ರಲ್ಲಿ ಐದು ವರ್ಷದೊಳಗಿನ ಸುಮಾರು 7 ಲಕ್ಷ 40 ಸಾವಿರ ಮಕ್ಕಳು ಲೋಕದಲ್ಲಿ ಇದರಿಂದ ಸತ್ತರು. ಆದರೆ ಕಾಯಿಲೆ ಬಂದ ಮಕ್ಕಳೆಲ್ಲ ಸಾಯುವುದಿಲ್ಲ. ಬೇಗ ಗುರುತು ಹಿಡಿದರೆ ಎಷ್ಟೋ ಮಕ್ಕಳು ಕಡಿಮೆ ಬೆಲೆಯ ಅಮಾಕ್ಸಿಸಿಲಿನ್ ಔಷಧದಲ್ಲೇ ಗುಣವಾಗುತ್ತಾರೆ. ಹಾಗಾದರೆ ಕೈತಪ್ಪುವವರು ಯಾರು?

ಮೊದಲನೆಯದು ವಯಸ್ಸು. ಎರಡು ತಿಂಗಳೊಳಗಿನ ಕೂಸಿಗೆ ಅಪಾಯ ಎಲ್ಲರಿಗಿಂತ ಹೆಚ್ಚು. ಎರಡನೆಯದು ತೂಕ. ಎರಡೂವರೆ ಕಿಲೋಗಿಂತ ಕಡಿಮೆ ತೂಗಿ ಹುಟ್ಟಿದ್ದು, ಎದೆಹಾಲು ಸಾಕಷ್ಟು ಸಿಗದಿದ್ದುದು, ರಕ್ತಹೀನತೆಯಿಂದ ಬಿಳಿಚಿಕೊಂಡದ್ದು, ಸೊರಗಿದ್ದು. ಅಂಗನವಾಡಿಯ ಟೇಪು ಆರು ತಿಂಗಳು ದಾಟಿದ ಮಗುವಿನ ತೋಳು 11.5 ಸೆಂಟಿಮೀಟರಿಗಿಂತ ಕಡಿಮೆ ತೋರಿಸಿದರೆ ಅದು ತೀವ್ರ ಅಪೌಷ್ಟಿಕತೆ. ಇಂಥ ಮಗುವಿಗೆ ಜೋರಾಗಿ ಕೆಮ್ಮುವ ಶಕ್ತಿಯೂ ಇರುವುದಿಲ್ಲ, ಕೆಲವೊಮ್ಮೆ ಜ್ವರವೂ ಏರುವುದಿಲ್ಲ. ಮನೆಯವರು ಏನೂ ಇಲ್ಲ ಅಂದುಕೊಳ್ಳುತ್ತಾರೆ. ಮೂರನೆಯದು ಹುಟ್ಟಿನಿಂದ ಬಂದ ಹೃದಯದ ದೋಷ, ಹಾಕಿಸದೆ ಬಿಟ್ಟ ಚುಚ್ಚುಮದ್ದು. ನಾಲ್ಕನೆಯದು ರಕ್ತದಲ್ಲಿ ಆಮ್ಲಜನಕ ಕುಸಿಯುವುದು. ಅದು ಶೇಕಡಾ 90ಕ್ಕಿಂತ ಇಳಿದರೆ ಆಮ್ಲಜನಕ ಕೊಡಲೇಬೇಕು. ತುಟಿ ನೀಲಿಯಾಗುವವರೆಗೆ ಕಾದರೆ ಬಹಳ ತಡವಾಯಿತು ಎಂದೇ ಅರ್ಥ. ಈ ಎಲ್ಲದರ ಮೇಲೆ ಕೂತಿರುವುದು ಐದನೆಯದು: ತಡಮಾಡಿ ಆಸ್ಪತ್ರೆಗೆ ಒಯ್ಯುವುದು.

ಕಾಯಿಲೆಗೆ ಬಾಗಿಲು ತೆರೆಯುವ ಕಾರಣಗಳೂ ಇವೆ. ಮೈಸೂರು ವೈದ್ಯಕೀಯ ಕಾಲೇಜಿನ ವೈದ್ಯರು ಕಾಯಿಲೆ ಬಿದ್ದ 104 ಮಕ್ಕಳನ್ನೂ ಆರೋಗ್ಯವಾಗಿದ್ದ 104 ಮಕ್ಕಳನ್ನೂ ಹೋಲಿಸಿ 2007ರಲ್ಲಿ ಪ್ರಕಟಿಸಿದರು. ಬಡತನ, ಇಕ್ಕಟ್ಟಾದ ಮನೆ, ಹೊಗೆ, ಅರ್ಧಕ್ಕೆ ಬಿಟ್ಟ ಲಸಿಕೆ, ಅಪೌಷ್ಟಿಕತೆ, ರಕ್ತಹೀನತೆ: ಕಾಯಿಲೆಯ ಮಕ್ಕಳ ಮನೆಗಳಲ್ಲಿ ಇವೇ ಹೆಚ್ಚು ಕಂಡವು. ನಮ್ಮ ಮನೆಯನ್ನೇ ನೋಡಿಕೊಳ್ಳಿ. ಗ್ಯಾಸ್ ಬಂದಿದೆ, ಆದರೆ ಹಂಡೆ ಒಲೆಗೆ ಇನ್ನೂ ನೀಲಗಿರಿ ಸೌದೆ. ಬಾಣಂತಿ ಮಂಚದ ಕೆಳಗೆ ಕೆಂಡ, ಕೂಸಿಗೆ ಸಾಂಬ್ರಾಣಿ ಹೊಗೆ, ಕಿಟಕಿ ಮುಚ್ಚಿದ ಕೋಣೆ. ಹುಳುವಿನ ಮನೆಗೆ ಗಾಳಿ ಬೇಕು, ಕೂಸಿನ ಕೋಣೆಗೆ ಬೇಡವೇ? ಬೆಳಗಿನ ಹಾಲೆಲ್ಲ ಕ್ಯಾನಿಗೆ ಸುರಿದು, ಎರಡು ವರ್ಷದ ಮಗುವಿಗೆ ಬರೀ ಗಂಜಿ ಕುಡಿಸುವ ಮನೆಗಳೂ ನಮ್ಮಲ್ಲಿವೆ. ಮೇವಿನ ಖರ್ಚೂ ಹುಟ್ಟದ ದರಕ್ಕೆ ಹಾಲು ಮಾರುವವನ ಕಷ್ಟ ನಮಗೆ ತಿಳಿಯದ್ದೇನಲ್ಲ. ಆದರೂ ಒಂದು ಲೋಟ ಒಳಗೆ ಉಳಿಯಲಿ.

ಗುರುತು ಹಿಡಿಯುವುದು ಹೇಗೆ? ಮಗು ಅಳದೆ ಇರುವಾಗ ಅಂಗಿ ಎತ್ತಿ, ಗಡಿಯಾರ ಇಟ್ಟುಕೊಂಡು ಪೂರಾ ಒಂದು ನಿಮಿಷ ಉಸಿರು ಎಣಿಸಿ. ಎರಡು ತಿಂಗಳೊಳಗಿನ ಕೂಸಿಗೆ 60 ಅಥವಾ ಹೆಚ್ಚು, ಒಂದು ವರ್ಷ ತುಂಬುವವರೆಗೆ 50 ಅಥವಾ ಹೆಚ್ಚು, ಅಲ್ಲಿಂದ ಐದು ವರ್ಷದವರೆಗೆ 40 ಅಥವಾ ಹೆಚ್ಚು ಇದ್ದರೆ ಅದು ಬರೀ ನೆಗಡಿಯಲ್ಲ, ಅಂದೇ ತೋರಿಸಿ. ಉಸಿರೆಳೆದಾಗ ಪಕ್ಕೆಯ ಕೆಳಭಾಗ ಒಳಕ್ಕೆ ಸೇದಿದರೂ ತಡಮಾಡಬೇಡಿ. ಕುಡಿಯಲಾರದೆ ಹೋದರೆ, ಕುಡಿದದ್ದೆಲ್ಲ ಕಕ್ಕಿದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದಿದ್ದರೆ, ಅಥವಾ ಎರಡು ತಿಂಗಳೊಳಗಿನ ಕೂಸಿಗೆ ಇವುಗಳಲ್ಲಿ ಯಾವುದು ಕಂಡರೂ, ರಾತ್ರಿಯೋ ಹಗಲೋ ನೋಡದೆ ಆಸ್ಪತ್ರೆಗೆ ಹೊರಡಿ. ಹೊಟ್ಟೆಗೆ ಬರೆ ಹಾಕಿಸಬೇಡಿ. ಅಂಗಡಿಯಲ್ಲಿ ಕೇಳಿ ತಂದ ಎರಡು ಮಾತ್ರೆ ಕೊಟ್ಟು ಕಾಯಬೇಡಿ.

ಈಗ ಸಾಲದ ಮಾತು. ಬೇಗ ಹೋದವನಿಗೆ ಬಸ್ ಚಾರ್ಜು, ಔಷಧದ ಖರ್ಚು. ತಡವಾಗಿ ಹೋದವನು ಬೆಂಗಳೂರಿನ ಖಾಸಗಿ ಆಸ್ಪತ್ರೆಯ ಐಸಿಯು ಬಾಗಿಲಲ್ಲಿ ನಿಂತು ಮೊದಲು ಒಡವೆ ಅಡ ಇಡುತ್ತಾನೆ, ಆಮೇಲೆ ಹಸು ಮಾರುತ್ತಾನೆ. ದುಡ್ಡಿಲ್ಲವೆಂದು ತಡ, ತಡವಾದ್ದಕ್ಕೆ ಇನ್ನಷ್ಟು ದುಡ್ಡು. ಈ ಸುತ್ತು ಮುರಿಯಬೇಕಾದರೆ ನಮಗಾಗಿ ಇರುವುದನ್ನು ಕೇಳಿ ಪಡೆಯಬೇಕು. 108 ವಾಹನ ರಾಜ್ಯದಲ್ಲಿ 2008ರಿಂದ ಇದೆ. ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಒಂದು ವರ್ಷದೊಳಗಿನ ಮಗುವಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ, ಔಷಧ, ವಾಹನ ಉಚಿತ. 2019ರಲ್ಲಿ ಆರಂಭವಾದ ಸಾನ್ಸ್ ಕಾರ್ಯಕ್ರಮದಂತೆ ಆಸ್ಪತ್ರೆಗೆ ಕಳಿಸುವ ಮುನ್ನ ಆಶಾ ಕಾರ್ಯಕರ್ತೆಯೇ ಮೊದಲ ಡೋಸ್ ಅಮಾಕ್ಸಿಸಿಲಿನ್ ಕೊಡಬಹುದು. ನ್ಯುಮೋಕಾಕಲ್ ಲಸಿಕೆ 2021ರಲ್ಲಿ ದೇಶದ ಎಲ್ಲೆಡೆಗೆ ಬಂತು: ಆರು ವಾರಕ್ಕೆ, ಹದಿನಾಲ್ಕು ವಾರಕ್ಕೆ, ಒಂಬತ್ತು ತಿಂಗಳಿಗೆ, ಬಿಟ್ಟಿಯಾಗಿ.

ಕೇಳಬೇಕಾದ ಪ್ರಶ್ನೆಗಳನ್ನೂ ಕೇಳೋಣ. ನಮ್ಮ ಆರೋಗ್ಯ ಕೇಂದ್ರದಲ್ಲಿ ಮಗುವಿನ ಬೆರಳಿಗೆ ಹಾಕಿ ಆಮ್ಲಜನಕ ನೋಡುವ ಯಂತ್ರ ಇದೆಯೇ? ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿ ಹೊತ್ತು ಮಕ್ಕಳ ಡಾಕ್ಟರು ಸಿಗುತ್ತಾರೆಯೇ? ಸಿಲಿಂಡರ್ ತುಂಬಿದೆಯೇ? ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ, ಉತ್ತರ ಬರೆಸಿಕೊಳ್ಳಿ.

ನಮ್ಮನ್ನೂ ಕೇಳಿಕೊಳ್ಳೋಣ. ನಮ್ಮ ಹೊಲದಲ್ಲಿ ಕಳೆ ಕೀಳುವವಳ ಮಗು ಬದುವಿನ ಮೇಲೆ ಏದುಸಿರು ಬಿಡುತ್ತಿದ್ದರೆ, ಆ ದಿನದ ಕೂಲಿ ಹಿಡಿಯದೆ ಬೈಕಿನಲ್ಲಿ ಆಸ್ಪತ್ರೆಗೆ ಬಿಟ್ಟುಬರುವವರು ನಮ್ಮಲ್ಲಿ ಎಷ್ಟು ಮಂದಿ? ಬಟವಾಡೆಯಲ್ಲಿ ಮನೆಗೆ ಹತ್ತು ರೂಪಾಯಿ ಎತ್ತಿಟ್ಟರೂ ಊರಿಗೆ ಒಂದು ಆಪತ್ತಿನ ಗಂಟು ಆದೀತು. ಅದರಿಂದ ಯಾವ ಮನೆಯ ಮಗುವಿಗಾದರೂ ಅರ್ಧ ರಾತ್ರಿಯಲ್ಲಿ ಗಾಡಿ ಕಟ್ಟಬಹುದು.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿ ಫಲವಿಲ್ಲ. ಬೆಲೆಗಾಗಿ ಹೋರಾಡೋಣ, ಬಿಡುವುದಿಲ್ಲ. ಆದರೆ ಬೆಲೆ ಬರುವ ತನಕ ಕಾಯುವ ಶಕ್ತಿ ನಮಗಿದೆ, ಕೂಸಿನ ಉಸಿರಿಗಿಲ್ಲ.